ಸಿಹಿ ತಿನ್ನದವಳಿಗೆ ಸಕ್ಕರೆ ಕಾಯಿಲೆ

(ಸಕಲೇಶಪುರದಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಗರ್ಭಿಣಿಯರು, ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಸ್ತ್ರೀರೋಗ ವೈದ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ.)

ಹೋದ ಮಳೆಗಾಲದಲ್ಲಿ ಎಸ್ಟೇಟಿನ ಲೈನ್ ಮನೆಯಿಂದ ಒಬ್ಬ ಹುಡುಗಿ ಬಂದಿದ್ದಳು. ಚೊಚ್ಚಲ ಬಸುರಿ, 26 ವಾರ ತುಂಬಿತ್ತು. ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡಿದರೆ 168. "ಶುಗರ್ ಜಾಸ್ತಿ ಇದೆಯಮ್ಮ" ಅಂದೆ. ಅವಳು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿದ್ದ ಅತ್ತೆ ಅವಳ ಕಡೆ ತಿರುಗಿ ಒಂದು ನೋಟ ನೋಡಿದರು. ಆ ನೋಟ ಇಲ್ಲಿರುವ ಎಷ್ಟೋ ಜನರಿಗೆ ಗೊತ್ತು. ಹುಡುಗಿಯ ಕಣ್ಣಲ್ಲಿ ನೀರು. "ನಾನು ಕಾಫಿಗೂ ಸಕ್ಕರೆ ಹಾಕ್ಕೊಳಲ್ಲ ಮೇಡಂ, ಮನೇಲಿ ಯಾರನ್ನ ಬೇಕಾದ್ರೂ ಕೇಳಿ" ಅಂದಳು. ಕಳ್ಳತನದ ಆಪಾದನೆ ಹೊತ್ತವರು ಸಾಕ್ಷಿ ಕರೆಯುವ ಹಾಗೆ.

ಇವತ್ತು ನಾನು ಮಾತಾಡುವುದು ಆ ಹುಡುಗಿಗಿಂತ ಹೆಚ್ಚಾಗಿ ಆ ಅತ್ತೆಗೆ. ಬಸುರಿಯಲ್ಲಿ ಶುಗರ್ ಬಂತು ಅಂದರೆ ಅವಳು ಕದ್ದು ಸಿಹಿ ತಿಂದಳು ಅಂತ ಅರ್ಥ ಅಲ್ಲ. ಹಾಗಾದರೆ ಎಲ್ಲಿಂದ ಬಂತು? ಮಾಸಿನಿಂದ ಬಂತು.

ಮಾಸು ನಿಮಗೆಲ್ಲ ಗೊತ್ತಿರುವುದೇ. ಮಗು ಹುಟ್ಟಿದ ಮೇಲೆ ಅದು ಪೂರ್ತಿ ಬಿತ್ತಾ ಅಂತ ಸೂಲಗಿತ್ತಿ ಅಜ್ಜಿಯರು ಕಾದು ಕೂರುತ್ತಿದ್ದರು. ಬಿದ್ದ ಮೇಲೆ ಮಣ್ಣಲ್ಲಿ ಹೂಳುತ್ತಿದ್ದೆವು. ಕೆಲವು ಕಡೆ ಅದನ್ನು 'ಕಸ' ಅಂತಲೇ ಕರೆಯುತ್ತಾರೆ. ಸುಮಾರು ಅರ್ಧ ಕಿಲೊ ತೂಗುವ ಆ ಕಸ ಒಳಗಿದ್ದಷ್ಟು ದಿನ ದೊಡ್ಡದೊಂದು ಕಾರ್ಖಾನೆ. ತಾಯಿಯ ರಕ್ತದಿಂದ ಮಗುವಿಗೆ ಊಟ ದಾಟಿಸುವುದು ಅದರ ಒಂದು ಕೆಲಸ. ಇನ್ನೊಂದು ಕೆಲಸ ಹಾರ್ಮೋನು ತಯಾರಿಸುವುದು. ಆ ಹಾರ್ಮೋನುಗಳು ತಾಯಿಯ ಮೈಗೆ ಹೇಳುವುದು ಇಷ್ಟೇ: ಬಂದ ಸಕ್ಕರೆಯನ್ನೆಲ್ಲ ನೀನೇ ಬಾಚಿಕೊಳ್ಳಬೇಡ, ರಕ್ತದಲ್ಲಿ ಸ್ವಲ್ಪ ಹೊತ್ತು ಬಿಡು, ಮಗುವಿಗೆ ಬೇಕು.

ರಕ್ತದಲ್ಲಿರುವ ಸಕ್ಕರೆಯನ್ನು ಮಾಂಸಖಂಡದೊಳಗೆ ಕಳಿಸುವುದು ಇನ್ಸುಲಿನ್. ಅದನ್ನು ತಯಾರಿಸುವುದು ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ. ಮಾಸು ಬೆಳೆದಷ್ಟೂ ತಾಯಿಯ ಮೈ ಇನ್ಸುಲಿನ್ನಿನ ಮಾತು ಕೇಳುವುದು ಕಡಿಮೆಯಾಗುತ್ತದೆ. ದಿನ ತುಂಬುವ ಹೊತ್ತಿಗೆ ಅರ್ಧಕ್ಕೂ ಕೆಳಗೆ ಇಳಿದಿರುತ್ತದೆ. ಇದು ರೋಗ ಅಲ್ಲ, ಎಲ್ಲ ಬಸುರಿಯರಲ್ಲೂ ಆಗುವುದೇ. ತಾಯಿ ತನ್ನ ತಟ್ಟೆಯಿಂದ ತೆಗೆದು ಮಗುವಿಗೆ ಬಡಿಸುತ್ತಾಳಲ್ಲ, ಆ ಅಭ್ಯಾಸ ಮಗು ಹುಟ್ಟುವ ಮೊದಲೇ ಮೈಯೊಳಗೆ ಶುರುವಾಗಿರುತ್ತದೆ. ಕೇಳದ ಮೈಯನ್ನು ಕೇಳಿಸುವುದಕ್ಕೆ ಗ್ರಂಥಿ ಎರಡು, ಎರಡೂವರೆ ಪಟ್ಟು ಇನ್ಸುಲಿನ್ ಸುರಿಯಬೇಕಾಗುತ್ತದೆ. ಬಹಳ ಜನರಲ್ಲಿ ಸುರಿಯುತ್ತದೆ. ಲೆಕ್ಕ ಸರಿಹೋಗುತ್ತದೆ. ಅವರಿಗೆ ಶುಗರ್ ಬರುವುದಿಲ್ಲ.

ಕಾಫಿ ಸೀಮೆಯಲ್ಲಿ ನಿಂತು ಬೇರೆ ಹೋಲಿಕೆ ಯಾಕೆ? ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ತೋಟದ ಪಲ್ಪರ್ ಮೆಷಿನ್ ನೋಡಿ. ವರ್ಷಪೂರ್ತಿ ಶೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತದೆ, ನೋಡಿದರೆ ಯಾವ ದೋಷವೂ ಕಾಣುವುದಿಲ್ಲ. ಕೊಯ್ಲು ಬಂತು, ಸಂಜೆಗೆ ಹಣ್ಣಿನ ರಾಶಿ ಬಿತ್ತು, ಬೆಳಗಾಗುವುದರೊಳಗೆ ಪಲ್ಪ್ ಆಗಬೇಕು. ಆಗ ಗೊತ್ತಾಗುತ್ತದೆ ಮೆಷಿನ್ನಿನ ಯೋಗ್ಯತೆ. ಕೆಲವರ ಮೇದೋಜೀರಕ ಗ್ರಂಥಿ ಹುಟ್ಟಿನಿಂದಲೇ ಸ್ವಲ್ಪ ಚಿಕ್ಕ ಮೆಷಿನ್. ಮಾಮೂಲಿ ದಿನಗಳಲ್ಲಿ ಸಾಕಾಗುತ್ತದೆ, ಬಸುರಿಯ ಕೊಯ್ಲಿಗೆ ಸಾಲುವುದಿಲ್ಲ. ರಾಶಿ ಉಳಿಯುತ್ತದೆ. ಉಳಿದ ಆ ರಾಶಿಗೇ ನಾವು ಗರ್ಭಿಣಿಯ ಮಧುಮೇಹ ಅನ್ನುವುದು.

ಮೆಷಿನ್ ಚಿಕ್ಕದಾಗುವುದು ಯಾಕೆ? ಅಪ್ಪ ಅಮ್ಮನಿಗೆ ಶುಗರ್ ಇದ್ದರೆ ಇವಳಿಗೂ ಬರುವ ಸಂಭವ ಹೆಚ್ಚು. ಬಸುರಿಯಾಗುವ ಮೊದಲೇ ತೂಕ ಹೆಚ್ಚಿದ್ದರೆ, ವಯಸ್ಸು 30 ದಾಟಿದ್ದರೆ, ಪಿಸಿಓಡಿ, ಅಂದರೆ ಅಂಡಾಶಯದಲ್ಲಿ ಗುಳ್ಳೆಗಳಾಗುವ ತೊಂದರೆ ಇದ್ದರೆ, ಹಿಂದಿನ ಹೆರಿಗೆಯಲ್ಲಿ ಶುಗರ್ ಬಂದಿದ್ದರೆ, ಹಿಂದಿನ ಮಗು ನಾಲ್ಕು ಕಿಲೊ ಮುಟ್ಟಿದ್ದರೆ ಹೆಚ್ಚು. ಆದರೆ ನನ್ನ ಮುಂದೆ ಬರುವ ಎಷ್ಟೋ ಜನಕ್ಕೆ ಇದು ಯಾವುದೂ ಇರುವುದಿಲ್ಲ. ಕಡ್ಡಿ ಹಾಗೆ ಇರುತ್ತಾರೆ, ದಿನವಿಡೀ ತೋಟದಲ್ಲಿ ಕೆಲಸ. "ಇಷ್ಟು ಸಣ್ಣ ಇದಾಳೆ, ಇವಳಿಗೆಂತ ಶುಗರ್" ಅನ್ನುತ್ತಾರೆ ಮನೆಯವರು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ನಮ್ಮ ದೇಶದ ಹಸುಗೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿ ನೋಡಿದರು. ನಮ್ಮವು ತೂಕದಲ್ಲಿ ಕಡಿಮೆ, ಮಾಂಸ ಕಡಿಮೆ, ಕೊಬ್ಬು ಮಾತ್ರ ಅದಕ್ಕೆ ತಕ್ಕಷ್ಟು ಕಡಿಮೆಯಾಗಿಲ್ಲ. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಹಾಗಾಗಿ ನಮ್ಮಲ್ಲಿ ಮೈ ನೋಡಿ ಶುಗರ್ ಅಳೆಯುವ ಹಾಗಿಲ್ಲ. ಎಲ್ಲರಿಗೂ ಪರೀಕ್ಷೆ ಮಾಡಲೇಬೇಕು.

ಮಗುವಿನ ಕಡೆಗೆ ಬರೋಣ. ಇದು ಎಷ್ಟು ಹೇಳಿದರೂ ಸಾಲದು.

ಮಾಸು ಸಕ್ಕರೆಯನ್ನು ದಾಟಿಸುತ್ತದೆ, ತಾಯಿಯ ಇನ್ಸುಲಿನ್ನನ್ನು ದಾಟಿಸುವುದಿಲ್ಲ. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ. ತಾಯಿಯ ರಕ್ತದಲ್ಲಿ ಉಳಿದ ಸಕ್ಕರೆ ಹೊಕ್ಕುಳಬಳ್ಳಿ ಹಿಡಿದು ಮಗುವಿಗೆ ಹೋಗುತ್ತದೆ. ಬೇಡ ಅನ್ನುವ ಶಕ್ತಿ ಮಗುವಿಗೆ ಇಲ್ಲ. ಅದು ತನ್ನದೇ ಪುಟ್ಟ ಗ್ರಂಥಿಯಿಂದ ಇನ್ಸುಲಿನ್ ಸುರಿಸಿ, ಬಂದದ್ದನ್ನೆಲ್ಲ ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. 1950ರ ದಶಕದಲ್ಲಿ ಕೋಪನ್‌ಹೇಗನ್ನಿನ ಪೆಡರ್ಸನ್ ಎಂಬ ವೈದ್ಯರು ಇದನ್ನು ಹೀಗೆ ವಿವರಿಸಿದರು. ಇವತ್ತಿಗೂ ಆ ವಿವರಣೆಯ ತಿರುಳು ಹಾಗೇ ನಿಂತಿದೆ.

ನಮ್ಮಲ್ಲಿ ನಾಲ್ಕು ಕಿಲೊ ಮಗು ಅಂದರೆ ಬೀದಿಗೆಲ್ಲ ಸಕ್ಕರೆ ಹಂಚುತ್ತಾರೆ. ಹೆರಿಗೆ ಕೋಣೆಯಲ್ಲಿ ನಿಂತವರಿಗೆ ಕೇಳಿ ಆ ನಾಲ್ಕು ಕಿಲೊದ ಕಥೆ. ಈ ಮಕ್ಕಳ ಕೊಬ್ಬು ಹೊಟ್ಟೆ, ಭುಜದ ಸುತ್ತ ಕೂಡಿರುತ್ತದೆ. ತಲೆ ಹೊರಗೆ ಬಂದಿರುತ್ತದೆ, ಭುಜ ಸಿಕ್ಕಿಕೊಂಡಿರುತ್ತದೆ. ಆ ಎರಡು ಮೂರು ನಿಮಿಷ ಕೋಣೆಯಲ್ಲಿ ಯಾರೂ ಉಸಿರಾಡುವುದಿಲ್ಲ. ಹುಟ್ಟಿದ ಮೇಲೂ ಮುಗಿಯಲಿಲ್ಲ. ಒಂಬತ್ತು ತಿಂಗಳು ಬರುತ್ತಿದ್ದ ಸಕ್ಕರೆ ಬಳ್ಳಿ ಕತ್ತರಿಸಿದ ಕ್ಷಣಕ್ಕೆ ನಿಂತಿತು. ಮಗುವಿನ ಇನ್ಸುಲಿನ್ ಮಾತ್ರ ನಿಂತಿಲ್ಲ. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲೇ ಮಗುವಿನ ಶುಗರ್ ಕುಸಿಯಬಹುದು. ಅದಕ್ಕೇ ಇಂಥ ತಾಯಂದಿರ ಮಗುವಿಗೆ ಒಂದು ಗಂಟೆಯೊಳಗೆ ಎದೆಹಾಲು ಸಿಗಲೇಬೇಕು. ಮೊದಲು ಜೇನುತುಪ್ಪ ನೆಕ್ಕಿಸುತ್ತೇವೆ, ಮುಹೂರ್ತ ನೋಡುತ್ತೇವೆ ಅಂತ ಬಾಗಿಲಲ್ಲಿ ನಿಲ್ಲಬೇಡಿ.

ಇದೆಲ್ಲ ಹೇಳಿ ಹೆದರಿಸಿಬಿಟ್ಟೆ ಅನಿಸುತ್ತದೆ. ಒಳ್ಳೆಯ ಸುದ್ದಿಯೂ ಇದೆ. ಆಸ್ಟ್ರೇಲಿಯಾದಲ್ಲಿ ಇಂಥ 1,000 ಬಸುರಿಯರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಊಟದ ಸಲಹೆ, ಶುಗರ್ ನೋಡಿಕೊಳ್ಳುವುದು, ಬೇಕಾದವರಿಗೆ ಇನ್ಸುಲಿನ್. ಇನ್ನೊಂದಕ್ಕೆ ಮಾಮೂಲಿ ತಪಾಸಣೆ. ಮಗುವಿಗೆ ಗಂಭೀರ ತೊಂದರೆ ಆದದ್ದು ಎರಡನೇ ಗುಂಪಿನಲ್ಲಿ ನೂರಕ್ಕೆ 4, ಮೊದಲನೇ ಗುಂಪಿನಲ್ಲಿ ನೂರಕ್ಕೆ 1. ಫಲಿತಾಂಶ ಬಂದದ್ದು 2005ರಲ್ಲಿ. ಗೊತ್ತಾದರೆ ಹಿಡಿತಕ್ಕೆ ತರಬಹುದು. ಗೊತ್ತಾಗಬೇಕು, ಅಷ್ಟೇ.

ಗೊತ್ತಾಗುವುದು ಹೇಗೆ? ಹಿಂದೆ ಅಜ್ಜಿಯರು ಹಿತ್ತಲಲ್ಲಿ ಮೂತ್ರಕ್ಕೆ ಇರುವೆ ಮುತ್ತಿದ್ದು ನೋಡಿ ಹೇಳುತ್ತಿದ್ದರು. ಅವರ ಕಣ್ಣು ಚುರುಕೇ, ಆದರೆ ಬಸುರಿಯ ವಿಷಯದಲ್ಲಿ ಇರುವೆಯನ್ನು ನಂಬುವ ಹಾಗಿಲ್ಲ. ಬಸುರಿಯಲ್ಲಿ ಮೂತ್ರಪಿಂಡ ಸಕ್ಕರೆಯನ್ನು ಸುಲಭವಾಗಿ ಸೋರಿಸುತ್ತದೆ. ರಕ್ತದಲ್ಲಿ ಎಲ್ಲ ಸರಿ ಇದ್ದರೂ ಮೂತ್ರದಲ್ಲಿ ಕಾಣಿಸಬಹುದು. ಆದ್ದರಿಂದ ರಕ್ತವನ್ನೇ ನೋಡಬೇಕು. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿ ನೀರಿನಲ್ಲಿ ಕಲಸಿ ಐದು ಹತ್ತು ನಿಮಿಷದಲ್ಲಿ ಕುಡಿಯುವುದು, ಎರಡು ಗಂಟೆಗೆ ರಕ್ತ ಕೊಡುವುದು. 140 ಅಥವಾ ಮೇಲೆ ಬಂದರೆ ಶುಗರ್ ಇದೆ ಅಂತ. ಖಾಲಿ ಹೊಟ್ಟೆಯಲ್ಲೇ ಬರಬೇಕೆಂದಿಲ್ಲ. ಈ ಪದ್ಧತಿಯ ಹಿಂದೆ ಇದ್ದವರು ಚೆನ್ನೈನ ಡಾ. ವಿ. ಶೇಷಯ್ಯ. ಅವರ ಹುಟ್ಟುಹಬ್ಬ ಮಾರ್ಚ್ 10ನ್ನು ದೇಶದಲ್ಲಿ ಗರ್ಭಿಣಿಯರ ಮಧುಮೇಹ ಜಾಗೃತಿ ದಿನ ಅಂತ ಆಚರಿಸುತ್ತೇವೆ. ಮೂಡಿಗೆರೆ ಕಡೆಯಿಂದಲೋ ಹೆತ್ತೂರು ಕಡೆಯಿಂದಲೋ ಬೆಳಗಿನ ಬಸ್ಸು ಹತ್ತಿ ಬರುವ ಬಸುರಿಗೆ "ಖಾಲಿ ಹೊಟ್ಟೇಲಿ ಬಾ" ಅಂದರೆ ಅವಳು ಬರುವುದೇ ಇಲ್ಲ. ಅದನ್ನು ಅರ್ಥ ಮಾಡಿಕೊಂಡ ಪರೀಕ್ಷೆ ಇದು.

ಎರಡು ಸಲ ಮಾಡಿಸಿ. ಮೊದಲ ಸಲ ತಾಯಿ ಕಾರ್ಡ್ ಮಾಡಿಸಲು ಬಂದಾಗ, ಆಗ ಸರಿ ಇದ್ದರೆ ಮತ್ತೆ 24ರಿಂದ 28 ವಾರದೊಳಗೆ. "ಮೊದಲೇ ನೋಡಿದ್ರಲ್ಲ, ನಾರ್ಮಲ್ ಅಂದ್ರಲ್ಲ" ಅಂತ ಎರಡನೆಯದನ್ನು ಬಿಡುವವರೇ ಹೆಚ್ಚು. ಮಾಸಿನ ಕೆಲಸ ಜೋರಾಗುವುದೇ ಆಗ. ಒಂದು ತಮಾಷೆ ನೋಡಿ, ನಮ್ಮ ಸೀಮಂತ ಬರುವುದೂ ಅದೇ ಏಳನೇ ತಿಂಗಳಲ್ಲಿ. ಒಬ್ಬಟ್ಟು, ಚಿರೋಟಿ, ಲಾಡು, ಬಯಕೆ ಊಟ ಅಂತ ಬಂದವರೆಲ್ಲ ಬಾಯಿಗೆ ಇಡುತ್ತಾರೆ. ಸೀಮಂತ ಬೇಡ ಅನ್ನುವವಳು ನಾನಲ್ಲ. ಮಡಿಲು ತುಂಬಿ, ಬಳೆ ತೊಡಿಸಿ, ಹೂ ಮುಡಿಸಿ. ಗ್ಲೂಕೋಸ್ ನೀರಿನ ಪರೀಕ್ಷೆ ಮಾತ್ರ ಸೀಮಂತಕ್ಕೆ ಮೊದಲೇ ಆಗಲಿ.

ಊಟದ ಮಾತು. ಈ ಸಭೆಯಲ್ಲಿ ಮುದ್ದೆ ಕಡೆಯವರೂ ಇದ್ದೀರಿ, ಕಡುಬಿನ ಕಡೆಯವರೂ ಇದ್ದೀರಿ. ಮುದ್ದೆಯವರು ತಮಗೆ ಶುಗರ್ ಬರುವುದಿಲ್ಲ ಅಂತ ಧೈರ್ಯವಾಗಿರುತ್ತಾರೆ. ರಾಗಿ ಒಳ್ಳೆಯದು, ಸುಣ್ಣದ ಅಂಶದಲ್ಲಿ ಅದಕ್ಕೆ ಸಾಟಿಯಾದ ಧಾನ್ಯ ಇಲ್ಲ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಹತ್ತಿರ ಹತ್ತಿರ 70 ಗ್ರಾಂ ಪಿಷ್ಟವೇ, ಅದು ರಕ್ತದಲ್ಲಿ ಸಕ್ಕರೆಯಾಗಿಯೇ ಕರಗುವುದು. ಮುದ್ದೆ ಬಿಡಬೇಡಿ. ತೆಂಗಿನಕಾಯಿ ಗಾತ್ರ ಇದ್ದದ್ದು ಕಿತ್ತಳೆ ಗಾತ್ರಕ್ಕೆ ಬರಲಿ. ಅದರ ಪಕ್ಕದಲ್ಲಿ ಏನಿದೆ ಅನ್ನುವುದು ಇನ್ನೂ ಮುಖ್ಯ. ತಿಳಿಸಾರು ಸುರಿದುಕೊಂಡು ಎರಡು ಮುದ್ದೆ ನುಂಗುವುದು ಬೇರೆ, ಮಸ್ಸೊಪ್ಪು, ಹುರುಳಿಕಾಳು, ಅವರೆಕಾಳಿನ ಗಟ್ಟಿ ಸಾರಿನಲ್ಲಿ ಅರ್ಧ ಮುದ್ದೆ ತಿನ್ನುವುದು ಬೇರೆ. ಬಸ್ಸಾರು ಮಾಡಿದ ದಿನ ಮೊದಲು ಆ ಸೊಪ್ಪು ಕಾಳಿನ ಪಲ್ಯ ಹೊಟ್ಟೆಗೆ ಹೋಗಲಿ, ಮುದ್ದೆ ಆಮೇಲೆ. ಕಡುಬಿನವರಿಗೂ ಇದೇ ಲೆಕ್ಕ: ಕಡುಬು ನಾಲ್ಕಿದ್ದದ್ದು ಎರಡಾಗಲಿ, ಕೋಳಿ ಸಾರಿನ ತುಂಡು ಎರಡಿದ್ದದ್ದು ನಾಲ್ಕಾಗಲಿ. ತುಂಡು ಗಂಡಸರ ತಟ್ಟೆಗೆ, ರಸ ಹೆಂಗಸರ ತಟ್ಟೆಗೆ ಅನ್ನುವ ಮನೆ ಇದ್ದರೆ ಅಲ್ಲಿಂದಲೇ ಚಿಕಿತ್ಸೆ ಶುರು ಮಾಡಬೇಕು.

ಹಾಸನ ಸೀಮೆಯವರು ನನ್ನ ಮೇಲೆ ಬೇಜಾರು ಮಾಡಿಕೊಳ್ಳಬಾರದು, ಆಲೂಗೆಡ್ಡೆ ಪಲ್ಯ ತರಕಾರಿಯ ಲೆಕ್ಕಕ್ಕೆ ಬರುವುದಿಲ್ಲ. ಅನ್ನದ ಜೊತೆ ಆಲೂಗೆಡ್ಡೆ ಅಂದರೆ ಅನ್ನದ ಜೊತೆ ಇನ್ನೊಂದು ಅನ್ನ. ಇನ್ನು ಬೆಲ್ಲದ ಕಾಫಿ. "ಸಕ್ಕರೆ ಬಿಟ್ಟೆ ಡಾಕ್ಟ್ರೇ, ಈಗ ಬೆಲ್ಲ" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಬೆಲ್ಲದಲ್ಲಿ ಇರುವುದು ಬಹುಪಾಲು ಸಕ್ಕರೆಯೇ, ಬಣ್ಣ ಬೇರೆ. ಕಾಫಿ ಮಾತು ಬಂತಲ್ಲ, ಇನ್ನೊಂದನ್ನೂ ಹೇಳಿಬಿಡುತ್ತೇನೆ: ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ಇಲ್ಲಿ ಎಷ್ಟು ಜನ ಹಾಗೇ ನುಂಗುತ್ತೀರಿ ಅಂತ ನನಗೆ ಗೊತ್ತು.

"ಇಬ್ಬರ ಊಟ ಮಾಡು" ಅನ್ನುವ ಮಾತಿದೆ. ನಾಲ್ಕನೇ ತಿಂಗಳಿಂದ ಬಸುರಿಗೆ ದಿನಕ್ಕೆ ಹೆಚ್ಚು ಬೇಕಾಗುವುದು ಸುಮಾರು 350 ಕ್ಯಾಲೊರಿ. ಒಂದು ಲೋಟ ಹಾಲು, ಒಂದು ಹಿಡಿ ಕಡಲೆಬೀಜ, ಚಿಕ್ಕದೊಂದು ಏಲಕ್ಕಿ ಬಾಳೆ, ಅಷ್ಟಕ್ಕೆ ಮುಗಿಯಿತು. ಎರಡನೇ ತಟ್ಟೆ ಬೇಕಾಗಿಲ್ಲ. ಹಾಗಂತ ಶುಗರ್ ಹೆದರಿಕೆಗೆ ಊಟವನ್ನೇ ಬಿಟ್ಟು ಮಲಗುವವರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಮೂರು ಊಟವನ್ನು ಐದಾರು ಸಲ ಹಂಚಿಕೊಂಡು ತಿನ್ನಿ. ಸರ್ಕಾರದ ಮಾತೃಪೂರ್ಣ ಯೋಜನೆಯ ಊಟಕ್ಕೆ ಅಂಗನವಾಡಿಗೆ ಹೋಗುವುದನ್ನು ನಿಲ್ಲಿಸಬೇಡಿ. ಮೊಟ್ಟೆ, ಹಾಲು, ಕಾಳಿನ ಸಾರು ತಿನ್ನಿ, ಅನ್ನ ಕಡಿಮೆ ಬಡಿಸಿಕೊಳ್ಳಿ, ಚಿಕ್ಕಿ ಬೇಡ ಅನ್ನಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಓಡಾಡಿ. ನಡೆಯುವ ಮಾಂಸಖಂಡ ಇನ್ಸುಲಿನ್ನಿನ ಶಿಫಾರಸಿಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ತೋಟದ ಕೆಲಸದವರು "ದಿನವಿಡೀ ನಿಂತೇ ಇರ್ತೀವಿ" ಅನ್ನುತ್ತಾರೆ. ನಿಂತಿರುವುದು ಬೇರೆ, ಉಂಡ ಮೇಲೆ ನಡೆಯುವುದು ಬೇರೆ. ರಕ್ತಸ್ರಾವವೋ ಬೇರೆ ತೊಂದರೆಯೋ ಇದ್ದು ವೈದ್ಯರು ಮಲಗಿರಿ ಅಂದವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಎರಡು ವಾರ ಹೀಗೆ ಮಾಡಿ ಮತ್ತೆ ನೋಡುತ್ತೇವೆ. ಊಟವಾಗಿ ಎರಡು ಗಂಟೆಗೆ 120ಕ್ಕಿಂತ ಕೆಳಗಿದ್ದರೆ ಔಷಧ ಬೇಡ. ಬಹಳ ಜನಕ್ಕೆ ಇಷ್ಟರಲ್ಲೇ ಮುಗಿಯುತ್ತದೆ. ಇಳಿಯದವರಿಗೆ ಮಾತ್ರೆ ಅಥವಾ ಇನ್ಸುಲಿನ್. ಇನ್ಸುಲಿನ್ ಅಂದ ಕೂಡಲೇ "ಒಂದ್ಸಲ ಶುರುವಾದ್ರೆ ಸಾಯೋತನಕ ಬಿಡಲ್ವಂತೆ" ಅನ್ನುತ್ತಾರೆ. ತೊಂದರೆ ಕೊಡುತ್ತಿದ್ದದ್ದು ಮಾಸು, ಅದು ಬಿದ್ದ ದಿನವೇ ಸಾಮಾನ್ಯವಾಗಿ ಇನ್ಸುಲಿನ್ನೂ ನಿಲ್ಲುತ್ತದೆ. ಮಗುವಿಗೆ ಏನಾದರೂ ಆಗುತ್ತದಾ ಅಂದರೆ, ಆಗಲೇ ಹೇಳಿದೆನಲ್ಲ, ತಾಯಿಯ ಇನ್ಸುಲಿನ್ ಮಾಸು ದಾಟುವುದಿಲ್ಲ.

ಹಾಗಾದರೆ ಬಾರದ ಹಾಗೆ ತಡೆಯಬಹುದಾ? ಪೂರ್ತಿ ತಡೆಯುತ್ತೇನೆ ಅಂತ ಯಾರಾದರೂ ಪುಡಿಯೋ ಕಷಾಯವೋ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ. ಬ್ರಿಟನ್ನಿನಲ್ಲಿ ತೂಕ ಹೆಚ್ಚಿದ್ದ 1,500ಕ್ಕೂ ಮೇಲ್ಪಟ್ಟ ಬಸುರಿಯರಿಗೆ ಊಟ, ವ್ಯಾಯಾಮದ ಪಾಠ ಹೇಳಿ ನೋಡಿದರು, ಶುಗರ್ ಬರುವುದೇನೂ ಕಡಿಮೆಯಾಗಲಿಲ್ಲ. ಫಿನ್ಲೆಂಡಿನಲ್ಲಿ ಹಿಂದೆ ಶುಗರ್ ಬಂದಿದ್ದವರು, ತೂಕ ಬಹಳ ಇದ್ದವರಿಗೆ ಬಸುರಿನ ಮೊದಲ ಅರ್ಧದಲ್ಲೇ ಶುರು ಮಾಡಿದರು. ಅಲ್ಲಿ ನೂರಕ್ಕೆ 21.6 ಇದ್ದದ್ದು 13.9ಕ್ಕೆ ಇಳಿಯಿತು. ಎರಡು ಕಡೆ ಜನ ಬೇರೆ, ವಿಧಾನ ಬೇರೆ. ಆದರೂ ನನಗೆ ಅನಿಸುವುದು ಇಷ್ಟು: ಹೊಟ್ಟೆ ಕಾಣಿಸಿಕೊಂಡ ಮೇಲೆ ಶುರು ಮಾಡಿದರೆ ತಡ. ಮದುವೆಯಾದ ಹೊಸತರಲ್ಲಿ, ಮಗು ಬೇಕು ಅಂದುಕೊಂಡ ದಿನದಿಂದಲೇ ತೂಕ, ನಡಿಗೆ, ತಟ್ಟೆ ನೋಡಿಕೊಂಡರೆ ಫಲ ಇದೆ. ಒಂದು ಮಗುವಾಗಿದ್ದರೆ ಎರಡನೆಯದಕ್ಕೆ ಮೊದಲಿನ ಅವಧಿ ಅದಕ್ಕಿಂತಲೂ ಬೆಲೆಯುಳ್ಳದ್ದು. ಮೊದಲ ಬಸುರಿನಲ್ಲಿ ಶುಗರ್ ಬಂದವರಲ್ಲಿ ಸುಮಾರು ಅರ್ಧ ಜನಕ್ಕೆ ಎರಡನೆಯದರಲ್ಲೂ ಬರುತ್ತದೆ.

ನಾವು ಪೂರಾ ಸೋತಿರುವುದು ಈ ಅವಧಿಯಲ್ಲೇ. ಹೆರಿಗೆಯಾಯಿತು, ಶುಗರ್ ಇಳಿಯಿತು, "ವಾಸಿಯಾಯ್ತು" ಅಂತ ತವರಿಗೆ ಹೋದರು. ಪಕ್ಕದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟುಕೊಂಡು ಬಂದಿದೆ. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರ ಶುಗರ್ ನೋಡಿ, ಐದು ವರ್ಷ ಬಿಟ್ಟು ಮತ್ತೆ ಅವರನ್ನೇ ಹುಡುಕಿ ಪರೀಕ್ಷೆ ಮಾಡಿದರು. ಬಸುರಿಯಲ್ಲಿ ಶುಗರ್ ಇಲ್ಲದಿದ್ದವರಲ್ಲಿ ನೂರಕ್ಕೆ 2 ಜನಕ್ಕೆ ಖಾಯಂ ಶುಗರ್ ಬಂದಿತ್ತು. ಇದ್ದವರಲ್ಲಿ ನೂರಕ್ಕೆ 37. ಐದೇ ವರ್ಷಕ್ಕೆ. ದೂರದ ದೇಶದ ಲೆಕ್ಕ ಅಲ್ಲ ಇದು, ನಮ್ಮದೇ ಮುದ್ದೆ, ನಮ್ಮದೇ ಅನ್ನ ಉಂಡವರದ್ದು. ಆ ತಾಯಂದಿರ ಮಕ್ಕಳನ್ನು ಒಂಬತ್ತು ಹತ್ತನೇ ವಯಸ್ಸಿನಲ್ಲಿ ನೋಡಿದಾಗ ಅವರ ಮೈಯಲ್ಲೂ ಕೊಬ್ಬು, ಇನ್ಸುಲಿನ್ ಹೆಚ್ಚಿತ್ತು.

ನನ್ನ ಹತ್ತಿರವೇ ಬರುತ್ತಿದ್ದ ಒಬ್ಬಾಕೆ, ಮೊದಲ ಹೆರಿಗೆಯಲ್ಲಿ ಶುಗರ್ ಇತ್ತು. ಮತ್ತೆ ಬಂದು ತೋರಿಸು ಅಂತ ಚೀಟಿಯಲ್ಲಿ ಬರೆದಿದ್ದೆ, ಬಾಯಲ್ಲಿ ಹೇಳಿರಲಿಲ್ಲ. ನಾಲ್ಕು ವರ್ಷ ಬಿಟ್ಟು ಎರಡನೇ ಬಸುರಿಗೆ ಬಂದಾಗ ಆಗಲೇ ಮೂರು ತಿಂಗಳು ಕಳೆದಿತ್ತು, ಖಾಲಿ ಹೊಟ್ಟೆಯಲ್ಲೇ 190. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎರಡು ತಿಂಗಳಲ್ಲೇ. ಅಷ್ಟೂ ದಿನ ಅವಳ ರಕ್ತ ಸಕ್ಕರೆಯ ಪಾಕವಾಗಿತ್ತು. ಆ ಚೀಟಿ ಅವಳ ಚೀಲದಲ್ಲೇ ಇತ್ತು, ಮಡಿಚಿದ ಹಾಗೇ. ಅವತ್ತಿನಿಂದ ನಾನು ಬಾಯಲ್ಲೇ ಹೇಳುತ್ತೇನೆ, ಅವಳಿಗೊಮ್ಮೆ, ಗಂಡನಿಗೊಮ್ಮೆ, ತವರಿನ ಅಮ್ಮನಿಗೊಮ್ಮೆ.

ಆಶಾ ಅಕ್ಕಂದಿರಿಗೆ ಒಂದು ಕೆಲಸ ಹೇಳುತ್ತೇನೆ. ತಾಯಿಯ ಪರೀಕ್ಷೆ ಆಗಬೇಕಾದದ್ದು ಹೆರಿಗೆಯಾಗಿ ಆರು ವಾರಕ್ಕೆ. ಮಗುವಿಗೆ ಒಂದೂವರೆ ತಿಂಗಳ ಚುಚ್ಚುಮದ್ದು ಬೀಳುವುದೂ ಆಗಲೇ. ಚುಚ್ಚುಮದ್ದು ಯಾರೂ ತಪ್ಪಿಸುವುದಿಲ್ಲ, ತವರಿನಲ್ಲಿದ್ದರೂ ಅಲ್ಲಿಯ ಕೇಂದ್ರಕ್ಕೆ ಎತ್ತಿಕೊಂಡು ಬರುತ್ತಾರೆ. ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ. ತಾಯಿ ಕಾರ್ಡಿನಲ್ಲಿ ಮಗುವಿನ ಚುಚ್ಚುಮದ್ದಿನ ಸಾಲಿನ ಪಕ್ಕದಲ್ಲೇ 'ಅಮ್ಮನ ಶುಗರ್' ಅಂತ ಕೆಂಪು ಪೆನ್ನಿನಲ್ಲಿ ಬರೆಯಿರಿ.

ಈಗ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ಹಸಿ ಬಾಣಂತಿಯನ್ನು ಉಪವಾಸ ಕರೆತರುವುದು ಹೇಗೆ ಅಂತ. ಸರಿಯಾದ ಪ್ರಶ್ನೆ, ಯಾಕೆಂದರೆ ಈ ಸಲದ ಪರೀಕ್ಷೆ ಖಾಲಿ ಹೊಟ್ಟೆಯದೇ. ಹಿಂದಿನ ರಾತ್ರಿ ಊಟ ಮಾಡಲಿ, ಬೆಳಗ್ಗೆ ಕಾಫಿ ಬೇಡ, ನೀರು ಕುಡಿಯಬಹುದು. ಕೇಂದ್ರ ತೆರೆಯುವ ಹೊತ್ತಿಗೆ ಬಾಗಿಲಲ್ಲಿ ಇರಿ, ಮೊದಲ ರಕ್ತ ಅವಳದೇ ಆಗಲಿ. ಗ್ಲೂಕೋಸ್ ಕುಡಿದ ಮೇಲೆ ಎರಡು ಗಂಟೆ ಕೂರಬೇಕಲ್ಲ, ಅಷ್ಟರಲ್ಲಿ ಮಗುವಿಗೆ ಹಾಲು ಕೊಡಲಿ, ಚುಚ್ಚುಮದ್ದು ಮುಗಿಯಲಿ. ಬೆಚ್ಚಗೆ ಕೂರುವುದಕ್ಕೆ ಒಂದು ಕಂಬಳಿ ತನ್ನಿ. ತಿಂಡಿ ಡಬ್ಬಿ ಅಜ್ಜಿಯ ಕೈಯಲ್ಲಿರಲಿ, ಎರಡನೇ ರಕ್ತ ಕೊಟ್ಟ ಕೂಡಲೇ ತೆರೆಯುವುದಕ್ಕೆ. ಡಬ್ಬಿಯಲ್ಲಿ ಅಂಟಿನುಂಡೆ ಬೇಡ, ಅಕ್ಕಿ ರೊಟ್ಟಿ, ಹುರುಳಿ ಚಟ್ನಿ, ಬೇಯಿಸಿದ ಮೊಟ್ಟೆ ಇದ್ದರೆ ಸಾಕು.